ಕೆಳಗಿನ ಅಡುಗೆಮನೆಯ ಸ್ಲೇಟು

ನನ್ನ ಮೊಮ್ಮಗಳು ಐದನೇ ತರಗತಿಗೆ ಹೋದ ಮೊದಲ ವಾರ ಅವಳ ಶಾಲೆಯಿಂದ ಒಂದು ಅಚ್ಚಾದ ಹಾಳೆ ಬಂತು. ವರ್ಷ ಮುಗಿಯುವುದರೊಳಗೆ ಮಗು ಇಂಗ್ಲಿಷಿನಲ್ಲಿ ಏನೇನು ಮಾಡಲು ಕಲಿತಿರಬೇಕು ಎಂಬುದು ಅದರಲ್ಲಿತ್ತು. ತಡವರಿಸದೆ, ಅರ್ಥ ನೋಡಿ ನಿಲ್ಲಿಸಿ, ಗಟ್ಟಿಯಾಗಿ ಓದಬೇಕು. ಓದಿದ್ದರಲ್ಲಿ ಮುಖ್ಯವಾದದ್ದು ಯಾವುದೆಂದು ಆರಿಸಿ ಹೇಳಬೇಕು. ಕೇಳಿಸಿಕೊಂಡದ್ದನ್ನು ತನ್ನ ಮಾತಿನಲ್ಲಿ ಇನ್ನೊಬ್ಬರಿಗೆ ಮುಟ್ಟಿಸಬೇಕು. ಬಾಯಿಬಿಟ್ಟು ಹೇಳದೆ ಉಳಿದದ್ದನ್ನೂ ಊಹಿಸಬೇಕು. ಯಾರು ಓದುತ್ತಾರೆ ಎಂಬುದನ್ನು ಮನಸ್ಸಿನಲ್ಲಿಟ್ಟು ಬರೆಯಬೇಕು.

ಮಗ ಆ ಹಾಳೆಯನ್ನು ಒಮ್ಮೆ ನೋಡಿ ಫ್ರಿಜ್ಜಿನ ಮೇಲಿಟ್ಟು ಪಾರ್ಕ್ ಸ್ಟ್ರೀಟಿನ ತನ್ನ ಬ್ಯಾಂಕಿಗೆ ಹೊರಟುಹೋದ. ನಾನು ಅದನ್ನು ಎರಡು ಸಲ ಓದಿದೆ. ಉಡುಪಿಯ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು ನಾನು. ಒಳ್ಳೆಯ ಹಾಳೆ ಯಾವುದು, ಕೆಟ್ಟ ಹಾಳೆ ಯಾವುದು ಎಂದು ನನಗೆ ಗೊತ್ತಾಗುತ್ತದೆ. ಇದು ಒಳ್ಳೆಯ ಹಾಳೆ. ಇಂಗ್ಲಿಷಿನಲ್ಲಿ ಇಷ್ಟೆಲ್ಲ ಕಲಿಯಬಹುದಾದ ಮಗು ಕನ್ನಡದಲ್ಲಿ ಯಾಕೆ ಕಲಿಯಬಾರದು ಎಂದುಕೊಂಡು ಆ ಮಧ್ಯಾಹ್ನವೇ ಅದನ್ನು ಕನ್ನಡಕ್ಕೆ ಇಳಿಸಿ, ದುಂಡಗೆ ಬರೆದು, ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದೆ. ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಪಾಠ ಆರಂಭ.

ಬಂಗಾಳಿಗಳ ಈ ಊರಿನಲ್ಲಿ, ಟಾಲಿಗಂಜಿನ ನಮ್ಮ ಮನೆ ಮೂರನೇ ಮಹಡಿಯಲ್ಲಿದೆ. ಆರು ಗಂಟೆಗೆ ಊಟದ ಮೇಜನ್ನು ಒರೆಸಿ, ಪುಸ್ತಕ, ಕಾಪಿ ಪುಸ್ತಕ, ಎರಡು ಪೆನ್ಸಿಲು ಇಟ್ಟು ನಾನು ಕುಳಿತಿರುತ್ತಿದ್ದೆ. ಮೊದಲ ಹತ್ತು ನಿಮಿಷ ಓದು, ನಂತರ ಹತ್ತು ನಿಮಿಷ ಪ್ರಶ್ನೋತ್ತರ, ಕೊನೆಯ ಹತ್ತು ನಿಮಿಷ ಶುದ್ಧ ಬರಹ. ಮೊಮ್ಮಗಳು ಒಂದು ದಿನವೂ ತಪ್ಪಿಸಲಿಲ್ಲ. ಕೂದಲು ಕೆದರಿಕೊಂಡು ಬಂದು ಕೂತು, ಬಸ್ಸಿನ ಬೋರ್ಡು ಓದಿದ ಹಾಗೆ ಪಾಠ ಓದಿ ಮುಗಿಸುತ್ತಿದ್ದಳು. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿರುತ್ತಿತ್ತು, ಆದರೆ ಬರುತ್ತಿದ್ದುದು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ.

"ಕನ್ನಡದಲ್ಲಿ ಹೇಳು."

"ಅಜ್ಜಿ, ಮುಝೆ ಆತಾ ಹೈ, ಬಟ್ ಬಾಯಿಗೆ ಬರುದಿಲ್ಲ."

"ಬಾಯಿಗೆ ಬರಲಿಕ್ಕೇ ಈ ಪಾಠ. ಮತ್ತೊಮ್ಮೆ ಹೇಳು."

ಅವಳು ನಾಲ್ಕು ಪದ ಹೇಳಿ ನಿಲ್ಲಿಸುತ್ತಿದ್ದಳು. ನಾನು ಐದನೆಯದನ್ನು ಕೊಡುತ್ತಿದ್ದೆ. ಮೂರು ತಿಂಗಳು ಹೀಗೆ ನಡೆಯಿತು. ಇಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಕಿವಿಯಲ್ಲಿ ಮಾತ್ರ ಉಳಿಯುತ್ತದೆ, ನಾಲಿಗೆಗೆ ಇಳಿಯುವುದಿಲ್ಲ ಎಂದು ನಾನು ಒಪ್ಪಿಕೊಳ್ಳುತ್ತಾ ಬಂದಿದ್ದೆ. ಮಗುವಿನ ಶಕ್ತಿ ಅಷ್ಟೇ ಎಂದುಕೊಂಡೆ.

ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಉಡುಪಿ ಕಡೆಯವರೇ ಆದ ಒಬ್ಬ ಹೆಂಗಸು ಊಟದ ಆರ್ಡರು ಹಿಡಿದು ಅಡುಗೆ ಮಾಡಿ ಕಳಿಸುತ್ತಾರೆ. ಅವರ ಗಂಡನದು ಮೆಟ್ರೋ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಹೋಟೆಲು. ಹೆಂಗಸಿಗೆ ಐವತ್ತರ ಆಚೀಚೆ. ಆರನೇ ತರಗತಿಯವರೆಗೆ ಓದಿದವರು. ಕನ್ನಡ ಓದಲು ಬರುತ್ತದೆ. ಹಿಂದಿ, ಬಂಗಾಳಿ ಎರಡೂ ಸಂತೆಗೆ ಸಾಕಾಗುವಷ್ಟು. ಫೋನಿನಲ್ಲಿ ಯಾರಾದರೂ ಬೇಗ ಬೇಗ ಮಾತಾಡಿದರೆ ತಬ್ಬಿಬ್ಬಾಗುತ್ತಾರೆ. ಮೊಮ್ಮಗಳು ಸಂಜೆ ಐದರಿಂದ ಆರರವರೆಗೆ ಅಲ್ಲಿಗೆ ಆಡಲು ಹೋಗುತ್ತಿದ್ದಳು. ಆಡಲು ಎಂದೇ ನಾನು ತಿಳಿದಿದ್ದೆ.

ಒಂದು ಸಂಜೆ ಮನೆಯಲ್ಲಿ ದೋಸೆ ಹಿಟ್ಟು ಕಡಿಮೆ ಬಿತ್ತು. ಪಾತ್ರೆ ಹಿಡಿದು ಕೆಳಗೆ ಹೋದೆ. ಮೆಟ್ಟಿಲ ತಿರುವಿನಲ್ಲಿ ಒಂದು ದನಿ ಕೇಳಿಸಿತು, ಕನ್ನಡದಲ್ಲಿ, ಎಲ್ಲೂ ನಿಲ್ಲದೆ.

"ಅಲ್ಲ ದೊಡ್ಡಮ್ಮ, ಆ ಆಂಟಿ ಮೊದಲು ಪುಲಾವು ಹೇಳಿದ್ರು. ಮತ್ತೆ ಅವರ ಶಾಶುಡಿ ಹಿಂದಿನಿಂದ ಎಂತದೋ ಬೊಬ್ಬೆ ಹಾಕಿದ್ರು, ಆಗ ಚಿತ್ರಾನ್ನ ಅಂದ್ರು. ಖಾರ ಬೇಡ, ಸಣ್ಣ ಮಕ್ಕಳು ಉಂಟಂತೆ. ಮೂವತ್ತು ಜನ ಅಂತ ಹೇಳಿದ್ದು, ಆದ್ರೆ ಅವರ ಸ್ವರದಲ್ಲೇ ಡೌಟ್ ಉಂಟು. ನೀವು ನಲವತ್ತಕ್ಕೆ ಮಾಡಿ."

"ಸ್ವರದಲ್ಲಿ ಡೌಟ್ ಕೂಡ ಕೇಳ್ತದಾ ನಿಂಗೆ? ದೊಡ್ಡ ಸಿಐಡಿ ಮಾರಾಯ್ತಿ ನೀನು! ಆಯ್ತು, ಬರಿ ಬರಿ."

ಶಾಶುಡಿ ಎಂದರೆ ಬಂಗಾಳಿಯಲ್ಲಿ ಅತ್ತೆ. ಅದೊಂದು ಪದ ಬಿಟ್ಟರೆ ಉಳಿದದ್ದೆಲ್ಲ ನಮ್ಮ ಊರಿನ ಕನ್ನಡ. ನಾನು ಮೆಟ್ಟಿಲ ಮೇಲೆಯೇ ನಿಂತು ತೆರೆದ ಬಾಗಿಲಿನೊಳಗೆ ನೋಡಿದೆ, ಮಾತಾಡುತ್ತಿದ್ದವಳು ಮೊಮ್ಮಗಳು. ಕೇಳಿಸಿಕೊಂಡದ್ದನ್ನು ತನ್ನ ಮಾತಿನಲ್ಲಿ ಮುಟ್ಟಿಸುವುದು. ಮುಖ್ಯವಾದದ್ದನ್ನು ಆರಿಸುವುದು. ಬಾಯಿಬಿಟ್ಟು ಹೇಳದ್ದನ್ನು ಊಹಿಸುವುದು. ನಾನು ಮೂರು ತಿಂಗಳು ಮೇಜಿನ ಮುಂದೆ ಕುಳಿತು ಹೊರಡಿಸಲಾಗದ್ದನ್ನೆಲ್ಲ ಅವಳು ಇಲ್ಲಿ ಕೊತ್ತಂಬರಿ ಸೊಪ್ಪಿನ ರಾಶಿಯ ಪಕ್ಕ ಮಣೆಯ ಮೇಲೆ ಕೂತು ಒಂದೇ ಉಸಿರಿನಲ್ಲಿ ಮಾಡಿ ಮುಗಿಸಿದ್ದಳು.

ಸಂತೋಷವಾಗಬೇಕಿತ್ತು. ಆಗಲಿಲ್ಲ. ಮದುವೆಯಾದ ಹೊಸದರಲ್ಲಿಯೂ, ಜೊತೆಯವರಿಗೆ ನನಗಿಂತ ಮೊದಲು ಬಡ್ತಿ ಸಿಕ್ಕಾಗಲೂ ನಾನು ಇಂಥ ಹೊಟ್ಟೆಕಿಚ್ಚು ಪಟ್ಟವಳಲ್ಲ.

"ಓ, ಟೀಚರು! ಬನ್ನಿ ಬನ್ನಿ. ನಿಮ್ಮ ಪುಳ್ಳಿ ಇಲ್ಲದಿದ್ರೆ ನನ್ನ ಅಂಗಡಿ ಬಾಗಿಲು ಹಾಕ್ಬೇಕು, ಗೊತ್ತುಂಟಾ?" ಎಂದರು ಅವರು. ಮೊಮ್ಮಗಳ ಬಗ್ಗೆ ನನಗೇ ಸುದ್ದಿ ಹೇಳುವ ಧಾಟಿ.

ಗೋಡೆಗೆ ಒಂದು ದೊಡ್ಡ ಕಪ್ಪು ಸ್ಲೇಟು ತೂಗುಹಾಕಿತ್ತು. ಅದರ ತುಂಬ ಮೊಮ್ಮಗಳ ಅಕ್ಷರ. ಫೋನು ಬಂದರೆ ಅವಳು ಎತ್ತುವುದು, ಹಿಂದಿಯೋ ಬಂಗಾಳಿಯೋ ಇಂಗ್ಲಿಷೋ ಕೇಳಿಕೊಳ್ಳುವುದು, ಕನ್ನಡದಲ್ಲಿ ಹೇಳುವುದು, ಸ್ಲೇಟಿನ ಮೇಲೆ ಕನ್ನಡದಲ್ಲಿ ಬರೆಯುವುದು. ಅದನ್ನು ನೋಡಿಕೊಂಡು ದೊಡ್ಡಮ್ಮ ಅಡುಗೆ ಮಾಡುವುದು. ಯಾವ ಸಂಬಂಧವೂ ಇಲ್ಲದ ಈ ದೊಡ್ಡಮ್ಮ ಎಂಬ ಕರೆಯೂ ಆ ಹೊತ್ತಿಗೆ ನನಗೆ ಚುಚ್ಚಿತು.

ಮರುದಿನದಿಂದ ನಾನು ಪಾಠವನ್ನು ಸಂಜೆ ಐದಕ್ಕೆ ಬದಲಾಯಿಸಿದೆ. ಬೆಳಿಗ್ಗೆ ಮಗುವಿಗೆ ನಿದ್ದೆ ಸಾಲದು ಎಂದು ಕಾರಣ ಕೊಟ್ಟೆ. ಮೊಮ್ಮಗಳು ಬಂದು ಕೂತಳು. ಕೆಳಗೆ ಫೋನು ಬಡಿದುಕೊಳ್ಳುವುದು ಕೇಳಿಸಿದಾಗಲೆಲ್ಲ ಪೆನ್ಸಿಲು ನಿಲ್ಲುತ್ತಿತ್ತು. ನಾಲ್ಕನೇ ದಿನ ಮಗ ಹೇಳಿದ, "ಅಮ್ಮ, ಇವಳ ಮುಖ ನೋಡ್ಲಿಕ್ಕೆ ಆಗುದಿಲ್ಲ. ಬೆಳಿಗ್ಗೆಯೇ ಇರಲಿ ಬಿಡಿ." ಬಿಟ್ಟೆ. ಆದರೆ ಸಂಜೆ ನಾನೂ ಅವಳ ಜೊತೆ ಕೆಳಗೆ ಹೋಗತೊಡಗಿದೆ. ಮೇಲ್ವಿಚಾರಣೆಗೆ ಎಂದು ನನಗೆ ನಾನೇ ಹೇಳಿಕೊಂಡೆ. ಸ್ಟೂಲಿನ ಮೇಲೆ ಕೂತು ಅಲ್ಲಿ ಏನೇನು ತಪ್ಪು ನಡೆಯುತ್ತದೆ ಎಂದು ನೋಡುತ್ತಿದ್ದೆ. ತಪ್ಪಿಗೇನು ಬರವೇ? ವಾಕ್ಯಕ್ಕೆ ತಲೆಬುಡವಿಲ್ಲ, ಸ್ಲೇಟಿನ ಮೇಲೆ ಸಾಲುಗಳು ಸೊಟ್ಟ. ನಾನು ಒಂದೊಂದನ್ನೂ ಎತ್ತಿ ತೋರಿಸಿದರೆ ಆ ಹೆಂಗಸು ನಗುತ್ತಿದ್ದರು.

"ಬಿಡಿ ಟೀಚರೇ. ನಂಗೆ ಗೊತ್ತಾಗ್ತದೆ, ಅಷ್ಟು ಸಾಕಲ್ಲ. ನಾನೆಂತ ಪರೀಕ್ಷೆ ಬರೀಲಿಕ್ಕುಂಟಾ?"

ಮೊಮ್ಮಗಳೂ ಅವರ ಜೊತೆ ನಕ್ಕಳು. ಆ ನಗುವನ್ನು ನಾನು ಮರೆಯಲಿಲ್ಲ.

ಇಲ್ಲಿಯವರು ಪೂಜೋ ಎನ್ನುವ ದುರ್ಗಾಪೂಜೆಯ ರಜೆ ಹತ್ತಿರವಾದ ದಿನಗಳು. ಪಾಡಾದಲ್ಲಿ, ಎಂದರೆ ನಮ್ಮ ಕೇರಿಯಲ್ಲಿ, ಬಿದಿರು ಕಟ್ಟಿ ಪಂಡಾಲು ಏಳುತ್ತಿತ್ತು. ಕೆಳಗಿನ ಮನೆಗೆ ಒಂದರ ಮೇಲೊಂದು ಆರ್ಡರು. ಜೋಕಾದಲ್ಲಿ ಒಂದು ಕನ್ನಡದವರ ಮನೆಯ ನಾಮಕರಣದ ಊಟವೂ ಅದರಲ್ಲೊಂದು. ಅದರ ಹಿಂದಿನ ದಿನ ಮಧ್ಯಾಹ್ನ ದೊಡ್ಡಮ್ಮ ಬಾಳೆಲೆ ತರಲು ಮಾರ್ಕೆಟ್ಟಿಗೆ ಹೋಗಿದ್ದರು. ಆ ಹೊತ್ತಿಗೆ ಶಾಲೆಗೆ ರಜೆ ಶುರುವಾದ್ದರಿಂದ ಮೊಮ್ಮಗಳು ಆಗಲೇ ಕೆಳಗಿದ್ದಳು. ನಾನೂ ಇದ್ದೆ. ಹೆಚ್ಚುವ ಕೆಲಸಕ್ಕೆ ಬರುವ ಹೆಂಗಸರು ಹಿತ್ತಲಲ್ಲಿ ತರಕಾರಿ ತೊಳೆಯುತ್ತಿದ್ದರು. ಸ್ಲೇಟಿನ ಮುಂದೆ ನಾವಿಬ್ಬರೇ.

ಜೋಕಾದ ಪಟ್ಟಿಯನ್ನು ಅವಳು ಬರೆದು ಮುಗಿಸಿದ್ದಳು. ಮೇಲೆ "ಕಡಲೆ ನೆನೆ ಹಾಕುದು" ಎಂದಿತ್ತು. ನಂತರ ಪಾಯಸ, ಆಮೇಲೆ ಸಾಂಬಾರು, ಮತ್ತೆ ತೆಂಗಿನಕಾಯಿ ಅರೆದು ಹಾಕುವ ಕಡಲೆ ಗಸಿ, ಕೊನೆಗೆ ಎಲ್ಲೋ ಕೋಸಂಬರಿ, ಉಪ್ಪಿನಕಾಯಿ. ನಮ್ಮ ಕಡೆ ಬಾಳೆಲೆಯ ಮೇಲೆ ಬಡಿಸುವುದಕ್ಕೆ ಒಂದು ಕ್ರಮವಿದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗಸಿ, ಪಾಯಸ ಕೊನೆಗೆ. ಅದು ಗೊತ್ತಿರುವ ಯಾರೂ ಪಾಯಸವನ್ನು ಎರಡನೆಯ ಸಾಲಿನಲ್ಲಿ ಬರೆಯುವುದಿಲ್ಲ. ಸಿಕ್ಕಿತಲ್ಲ ಒಂದು ನಿಜವಾದ ತಪ್ಪು ಎಂದು ನಾನು ಎದ್ದೆ.

"ಇದೇನು ಹೀಗೆ? ಎಲೆಯ ಕ್ರಮದಲ್ಲಿ ಬರಿ. ಉಪ್ಪಿನಕಾಯಿಯಿಂದ ಶುರು ಮಾಡು."

"ಅಜ್ಜಿ, ಇದು ಬಡಿಸುದಲ್ಲ. ಮಾಡುದು. ಫಸ್ಟ್ ಲೈನ್ ಇವತ್ತು ಸಂಜೆಯದ್ದು. ದೊಡ್ಡಮ್ಮ ಹಾಗೇ ಹೇಳಿದ್ದು."

"ಕಡಲೆ ಕೆಳಗೆ ಗಸಿಯಲ್ಲಿ ಬಂದಿದೆಯಲ್ಲ? ಒಂದೇ ಮಾತನ್ನು ಎರಡು ಸಲ ಬರೆಯುವುದು ಒಳ್ಳೆಯ ಬರವಣಿಗೆಯಲ್ಲ. ಅಳಿಸು."

"ದೊಡ್ಡಮ್ಮ ಬೈತಾರೆ."

"ನಾನು ಹೇಳಿದೆ ಅಂತ ಅಳಿಸು. ನಾನು ಎಷ್ಟು ಮಕ್ಕಳಿಗೆ ಕಲಿಸಿದವಳು, ಅವರು ಎಷ್ಟು ಮಕ್ಕಳಿಗೆ ಕಲಿಸಿದವರು?"

ಅವಳು ಬಟ್ಟೆ ಒದ್ದೆ ಮಾಡಿ ಅಳಿಸಿದಳು. ನಾನು ಹೇಳಿದಂತೆ ಮತ್ತೆ ಬರೆದಳು. ಉಪ್ಪಿನಕಾಯಿಯಿಂದ ಪಾಯಸದವರೆಗೆ, ನೇರ ಸಾಲು, ದುಂಡು ಅಕ್ಷರ. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ನಾನು ದೂರ ನಿಂತು ಒಮ್ಮೆ, ಹತ್ತಿರ ಬಂದು ಒಮ್ಮೆ ನೋಡಿದೆ. ನಂತರ ಇಬ್ಬರೂ ಮೇಲೆ ಬಂದೆವು. ಆ ಸಂಜೆ ಮಗ ನಮ್ಮನ್ನೆಲ್ಲ ಪಂಡಾಲು ನೋಡಲು ಕರೆದುಕೊಂಡು ಹೋದ. ಕೆಳಗೆ ಹೋಗಲು ಆಗಲಿಲ್ಲ.

ಮಾರನೆಯ ಸಂಜೆ ಐದಕ್ಕೆ ಹೋದಾಗ ದೊಡ್ಡಮ್ಮ ಜೋಕಾದಿಂದ ಬಂದು ಗೋಡೆಗೆ ಒರಗಿ ಕೂತಿದ್ದರು. ಕಾಲು ಚಾಚಿದ್ದರು. ಸೀರೆಗೆಲ್ಲ ಅರಿಸಿನ.

"ಬಾ ಇಲ್ಲಿ. ಕಡಲೆ ಎಲ್ಲಿ ಬರೆದಿದ್ದಿ ನೀನು?"

ಮೊಮ್ಮಗಳು ತಲೆ ತಗ್ಗಿಸಿ ಅವರ ಮುಂದೆ ಹೋಗಿ ನಿಂತಳು.

"ಆರು ಕಡೆಯ ಆರ್ಡರು ಮಗಾ. ಸಂಜೆ ನಾನು ಪ್ರತಿಯೊಂದರದ್ದೂ ಮೊದಲ ಸಾಲು ಮಾತ್ರ ನೋಡುದು. ಉಪ್ಪಿನಕಾಯಿ ಅಂತ ಉಂಟು. ಸರಿ, ಇದಕ್ಕೆ ನೆನೆ ಹಾಕ್ಲಿಕ್ಕೆ ಎಂತದೂ ಇಲ್ಲ ಅಂತ ಬಿಟ್ಟೆ. ಬೆಳಿಗ್ಗೆ ನೋಡಿದ್ರೆ ಕಡಲೆ ಕಲ್ಲು! ಆ ಮನೆಯ ಯಜಮಾನರು ಫೋನು ಮಾಡಿ ಕೇಳಿದ್ದೇ ಕಡಲೆ ಗಸಿ. ಬಟಾಟೆ ಹಾಕಿ ಮಾಡಿದೆ. ಅಷ್ಟು ಜನರ ಎದುರು ಹೇಳಿದ್ರು, ಬಟಾಟೆ ತಿನ್ಲಿಕ್ಕೆ ಬಂಗಾಳಿ ಹೋಟೆಲು ಸಾಕಿತ್ತಲ್ಲ ಅಂತ. ನನ್ನ ಮುಖ ಎಲ್ಲಿ ಇಡುದು?"

ಮೊಮ್ಮಗಳು ತಲೆ ಎತ್ತಿ ನನ್ನನ್ನು ನೋಡಿದಳು. ಒಂದೇ ಸಲ. ನಾನು ಒಲೆಯ ಕಡೆ ನೋಡಿದೆ.

"ಸ್ಲೇಟು ಇನ್ನು ಬೇಡ," ಎಂದರು ಅವರು. "ಗಂಡನ ಹತ್ತಿರ ಬರೆಸಿಕೊಳ್ತೇನೆ. ಮಕ್ಕಳನ್ನು ನಂಬಿದ್ದು ನನ್ನದೇ ತಪ್ಪು."

ಅವಳು ಅಳಲಿಲ್ಲ, ಅಜ್ಜಿ ಹೇಳಿದ್ದು ಎಂದೂ ಹೇಳಲಿಲ್ಲ. ಮೆಟ್ಟಿಲು ಹತ್ತಿ ಮೇಲೆ ಹೋದಳು. ನಾನು ಹಿಂದೆ ಹೋದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಮೂರು ಮಹಡಿ ಹತ್ತುವಾಗ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಬರೆದೇ ಬಿಡುತ್ತೇನೆ: ಇನ್ನು ಇವಳು ಆ ಮನೆಗೆ ಹೋಗುವುದಿಲ್ಲ. ಇನ್ನು ನನ್ನ ಮೇಜೇ.

ಎರಡು ದಿನ ಹಾಗೇ ಆಯಿತು. ರಜೆಯಾದರೂ ಆರು ಗಂಟೆಗೆ ಸರಿಯಾಗಿ ಬಂದು ಕೂತಳು. ತಡವರಿಸದೆ ಓದಿದಳು. ಶುದ್ಧ ಬರಹದಲ್ಲಿ ಒಂದು ತಪ್ಪಿಲ್ಲ.

"ಈ ಪಾಠದಲ್ಲಿ ಮುಖ್ಯವಾದದ್ದು ಯಾವುದು?"

"ಮರ ಕಡಿಯಬಾರದು."

"ಯಾಕೆ?"

"ಪುಸ್ತಕದಲ್ಲಿ ಇದೆ."

ನಾನು ಸರಿ ಎಂದು ಗುರುತು ಹಾಕಿದೆ. ಸಂಜೆ ಐದಕ್ಕೆ ಅವಳು ಟಿವಿಯ ಮುಂದೆ ಕೂತಳು. ಮನೆಯಲ್ಲೇ ಇದ್ದಾಳೆ ಎಂಬ ನೆಮ್ಮದಿ ಮೊದಲ ದಿನ ನನಗೆ ನಿಜವಾಗಿಯೂ ಇತ್ತು. ಎರಡನೆಯ ದಿನ ಅದು ನುಂಗಲಾರದ ತುತ್ತಾಯಿತು, ಆದರೂ ಯಾರ ಹತ್ತಿರವೂ ಬಾಯಿಬಿಡಲಿಲ್ಲ.

ಮೂರನೆಯ ಬೆಳಿಗ್ಗೆ ಸೊಸೆ ಚಹಾ ಸೋಸುತ್ತಾ ಕೇಳಿದಳು, "ಅತ್ತೆ, ಇವಳು ಕೆಳಗೆ ಹೋಗುದಿಲ್ವಾ ಈಗ?"

"ಯಾಕೆ?"

"ಎರಡು ದಿನದಿಂದ ಬರೀ ಹಿಂದಿ. ಮೊದಲು ರಾತ್ರಿ ಊಟಕ್ಕೆ ಕೂತ್ರೆ ಅಲ್ಲಿಯ ಸುದ್ದಿ ಎಲ್ಲ ಕನ್ನಡದಲ್ಲಿ ಹೇಳ್ತಿದ್ಳು, ನಿಮ್ಮ ಜಪದ ಹೊತ್ತಿಗೆ. ನಿಮಗೆ ಕೇಳಿಸಿರ್ಲಿಕ್ಕಿಲ್ಲ."

ಏಳೂವರೆಗೆ ನಾನು ಜಪಕ್ಕೆ ಕೂರುವುದು, ಎಂಟೂಕಾಲಿಗೆ ಒಬ್ಬಳೇ ಊಟ ಮಾಡಿ ಮಲಗುವುದು. ಉಳಿದವರ ಊಟ ಅದರ ನಡುವೆ. ಇಷ್ಟು ದಿನ ನನ್ನದೇ ಮನೆಯಲ್ಲಿ, ಮುಚ್ಚಿದ ಬಾಗಿಲಿನ ಆಚೆ ಕನ್ನಡ ನಡೆಯುತ್ತಿತ್ತು. ಅದನ್ನು ನಾನು ಅವಳಿಗೆ ಕೊಡಲೂ ಇಲ್ಲ, ಕೇಳಲೂ ಇಲ್ಲ. ಈಗ ನಿಲ್ಲಿಸಿದ್ದು ಮಾತ್ರ ನಾನು. ಅವಳ ಕನ್ನಡ ನನ್ನ ಮೇಜಿಗೆ ಬಂದಿರಲಿಲ್ಲ, ಎಲ್ಲ ಕಡೆಯಿಂದಲೂ ಹೊರಟುಹೋಗಿತ್ತು.

ಚಹಾ ಕುಡಿಯದೆ ಕೆಳಗಿಳಿದೆ. ದೊಡ್ಡಮ್ಮ ತೆಂಗಿನಕಾಯಿ ಹೆರೆಯುತ್ತಿದ್ದರು. ಸ್ಲೇಟಿನ ಮೇಲೆ ಅವರ ಗಂಡನ ಗೀಚು. ನಾನು ನಿಂತುಕೊಂಡೇ ಹೇಳಿದೆ.

"ಕಡಲೆಯ ಸಾಲು ಅವಳು ಬರೆದಿದ್ದಳು. ಮೊದಲ ಸಾಲಿನಲ್ಲಿಯೇ. ನಾನು ಅಳಿಸಲು ಹೇಳಿದೆ. ಅವಳು ಬೇಡ ಅಂದಳು. ನಾನು ಕೇಳಲಿಲ್ಲ."

ಅವರ ಕೈ ನಿಂತಿತು.

"ಮತ್ತೆ ನಾನು ಬೈಯುವಾಗ ನೀವು ಇಲ್ಲೇ ಇದ್ರಲ್ಲ?"

"ಇದ್ದೆ."

"ಬಾಯಿಗೆ ಎಂತ ಆಗಿತ್ತು ಟೀಚರೇ ನಿಮಗೆ? ಮಗುವಿಗೆ ಬೈದೆನಲ್ಲ ನಾನು! ಎರಡು ದಿನ ಆಯ್ತು, ನಂಗೆ ಅನ್ನ ಇಳೀಲಿಲ್ಲ, ಆ ಹುಡುಗಿಯ ಮುಖ ನೆನೆಸಿ." ಅವರು ಎದ್ದು ನಿಂತರು. ದನಿ ಏರಿತು. "ಇಷ್ಟು ಕಲಿತವರು ನೀವು. ನಾನು ಆರನೇ ಕ್ಲಾಸು. ನಂಗಾದ್ರೆ ನಾಚಿಕೆ ಆಗ್ತಿತ್ತು."

"ನನಗೂ ಆಗಿದೆ."

"ಆದ್ರೆ ಸಾಲದು. ನಂಗೆ ಹೇಳಿ ಎಂತ ಪ್ರಯೋಜನ? ಅವಳ ಎದುರು ಹೇಳಿ. ಹೋಗುವ, ನಡೀರಿ."

ಕೈ ಒರೆಸಿಕೊಂಡು ಅವರೇ ಮುಂದೆ ಹೊರಟರು. ಎಪ್ಪತ್ತು ದಾಟಿದ ಮುಖ್ಯೋಪಾಧ್ಯಾಯಿನಿ ಹಿಂದೆ. ನನ್ನ ಶಾಲೆಯಲ್ಲಿ ತಪ್ಪು ಮಾಡಿದ ಎಷ್ಟೋ ಮಕ್ಕಳನ್ನು ನಾನು ಹೀಗೇ ಕರೆದುಕೊಂಡು ಹೋಗಿದ್ದೇನೆ. ಹಾಗೆ ಇನ್ನೊಬ್ಬರ ಹಿಂದೆ ನಡೆಯುವುದು ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ.

ಮೊಮ್ಮಗಳು ಮೇಜಿನ ಹತ್ತಿರ ಪುಸ್ತಕ ತೆರೆದು ಕೂತಿದ್ದಳು. ಆಗ ಆರೂಕಾಲು. ಪಾಠಕ್ಕೆ ನಾನು ತಡಮಾಡಿದ್ದು ಅದೇ ಮೊದಲು. ಸೊಸೆಯೂ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ಎಲ್ಲರ ಎದುರು ಹೇಳಿದೆ. "ತಪ್ಪು ನನ್ನದು. ಅಳಿಸಲು ಹೇಳಿದ್ದೂ ತಪ್ಪು, ಆಮೇಲೆ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು."

ದೊಡ್ಡಮ್ಮ ಅವಳ ತಲೆ ಸವರಿದರು. "ಸಂಜೆ ಬಾ ಮಗಾ. ಆ ಗಂಡಸಿನ ಬರವಣಿಗೆ ಅವರಿಗೇ ಓದ್ಲಿಕ್ಕೆ ಆಗುದಿಲ್ಲ," ಎಂದು ಹೇಳಿ ಹೊರಟರು, ಕೆಳಗೆ ಒಲೆ ಉರಿಯುತ್ತಿತ್ತು. ಹೋಗುವಾಗ ನನ್ನ ಕಡೆ ನೋಡಲಿಲ್ಲ.

ಮೊಮ್ಮಗಳು ಅಳತೊಡಗಿದಳು. ಆಮೇಲೆ ಅಳು ಮಾತಾಯಿತು.

"ನಾನು ಹೇಳಿದೆ ಅಲ್ವಾ ಅಜ್ಜಿ? ಫಸ್ಟ್ ಲೈನ್ ಸಂಜೆಯದ್ದು ಅಂತ ಹೇಳಿದೆ ಅಲ್ವಾ? ನೀವು ಕೇಳುದೇ ಇಲ್ಲ. ಯಾವಾಗ್ಲೂ ತಿದ್ದುದು ತಿದ್ದುದು. ನಾನು ಎಂತ ಹೇಳಿದ್ರೂ ನಿಮಗೆ ತಪ್ಪು ಮಾತ್ರ ಕೇಳ್ತದೆ, ಮಾತು ಕೇಳುದಿಲ್ಲ. ಅವತ್ತು ಎಷ್ಟು ಬೇಜಾರಾಯ್ತು ಗೊತ್ತುಂಟಾ? ನೀವು ಈಗ ಹೇಳ್ತೀರಿ, ಈಗ ಹೇಳ್ತೀರಿ ಅಂತ ನಾನು ಕಾದೆ. ನೀವು ಗ್ಯಾಸ್ ನೋಡಿದ್ದು! ಎಂತ ಉಂಟು ಗ್ಯಾಸಿನಲ್ಲಿ? ನಾನು ನಿಮ್ಮ ಹೆಸರು ಹೇಳ್ಲಿಲ್ಲ, ಯಾಕಂದ್ರೆ ನೀವು ಟೀಚರು, ದೊಡ್ಡಮ್ಮ ನಿಮಗೆ ಬೈದ್ರೆ ನಿಮಗೆ ಮರ್ಯಾದೆ ಹೋಗ್ತದೆ. ನನ್ನ ಮರ್ಯಾದೆ ಹೋದ್ರೆ ತೊಂದ್ರೆ ಇಲ್ವಾ?"

ಸೊಸೆ "ಏಯ್, ಅಜ್ಜಿಗೆ ಹಾಗೆಲ್ಲ ಹೇಳಬಾರದು" ಎಂದಳು. ನಾನು ಕೈ ಎತ್ತಿ ಅವಳನ್ನು ತಡೆದೆ.

ನನಗೆ ಅವಳು ಕನ್ನಡದಲ್ಲಿ ಅಷ್ಟು ದೊಡ್ಡ ಮಾತು ಆಡಿದ್ದು ಅದೇ ಮೊದಲು. ಒಂದು ಪದಕ್ಕೂ ನಿಲ್ಲಲಿಲ್ಲ. ನಾನು ಐದನೆಯ ಪದ ಕೊಡಬೇಕಾಗಿಯೂ ಬರಲಿಲ್ಲ. ಅಲ್ಲಲ್ಲಿ ತಪ್ಪಿತ್ತು, ಹಳೆಯ ಚಾಳಿಯಂತೆ ಮನಸ್ಸು ಅದನ್ನು ಹೆಕ್ಕಿತು, ನಾನು ತುಟಿ ಬಿಗಿಹಿಡಿದೆ. ಅವಳು ಬೈದು ಮುಗಿಸಲಿ ಎಂದು ಕಾದೆ. ಮುಗಿಸದಿದ್ದರೆ ಇನ್ನೂ ಒಳ್ಳೆಯದು ಎಂದೂ ಅನಿಸಿತು.

ಆದರೆ ಆ ಬೈಗುಳದ ಏರು, ಇಳಿತ, "ಎಂತ ಉಂಟು" ಎಂದು ಕೈ ತಿರುಗಿಸುವ ರೀತಿ, ಮಾತಿನ ಕೊನೆಗೆ ಪ್ರಶ್ನೆ ಇಟ್ಟು ಎದುರಿನವರ ಬಾಯಿ ಮುಚ್ಚಿಸುವ ಜಾಣತನ, ಯಾವುದೂ ನನ್ನದಲ್ಲ. ನಾನು ಕಲಿಸಿದ ಒಂದೇ ಒಂದು ವಾಕ್ಯ ಅದರಲ್ಲಿರಲಿಲ್ಲ. ಆ ಕ್ಷಣದಲ್ಲಿಯೂ, ಕಣ್ಣು ಒದ್ದೆಯಾಗಿದ್ದಾಗಲೂ, ನನಗೆ ಕೆಳಗಿನ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಾಯಿತು. ಇವತ್ತಿಗೂ ಆಗುತ್ತದೆ. ಸಂಜೆ ಐದಕ್ಕೆ ಅವಳು ಚಪ್ಪಲಿ ಮೆಟ್ಟಿ ಇಳಿದು ಹೋಗುವಾಗ ನಾನು ಜೊತೆಗೆ ಹೋಗುವುದಿಲ್ಲ. ಏಳೂವರೆಯ ಜಪವನ್ನು ಸಂಜೆ ಆರಕ್ಕೆ ತಂದಿದ್ದೇನೆ. ರಾತ್ರಿ ಎಲ್ಲರ ಜೊತೆ ಊಟಕ್ಕೆ ಕೂತು, ಆ ಅಡುಗೆಮನೆಯ ಸುದ್ದಿಯನ್ನು ಮಧ್ಯೆ ಬಾಯಿ ಹಾಕದೆ ಕೇಳುತ್ತೇನೆ.